ಹಿಂದಕ್ಕೇ ಇದ್ದ ಸೀಟು

ಸ್ಕೂಟರಿನ ಪಂಚರ್ ಹಾಕಿಸಲು ಬಂದಿದ್ದ ಮೇಷ್ಟ್ರು ಗ್ಯಾರೇಜಿನ ಬೆಂಚಿನ ಮೇಲೆ ಹಳೇ ಪೇಪರು ಹಿಡಿದು ಕೂತಿದ್ದರೂ, ಅವರ ಕಿವಿಯೆಲ್ಲ ಪಕ್ಕದ ಕಾರಿನ ಕಡೆಗೇ ಇತ್ತು. ಮೆಕ್ಯಾನಿಕ್ಕು ಕಳಚಿದ ಬ್ರೇಕ್ ಡಿಸ್ಕನ್ನು ಕಾರು ತಂದ ಹೆಂಗಸಿಗೆ ತೋರಿಸುತ್ತಿದ್ದ.

“ಬ್ರೇಕ್ ಒತ್ತಿದ್ರೆ ಪೆಡಲ್ ನಡುಗೋದು ಇದಕ್ಕೇ ಅಕ್ಕ. ಗಾಡಿ ನಿಂತಲ್ಲೇ ನಿಂತು, ಪ್ಯಾಡ್ ಕೂತಿದ್ದ ಜಾಗ ತುಕ್ಕು ಹಿಡಿದು ಡಿಸ್ಕಿನ ಮೇಲೆ ಅಚ್ಚೊತ್ತಿಬಿಟ್ಟಿದೆ.”

“ಅವರು ಹಡಗಿನ ಕೆಲಸಕ್ಕೆ ಹೋಗೋವಾಗ ನಿಲ್ಲಿಸಿದ್ದು. ಎಂಟು ತಿಂಗಳು ನಾನೇ ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ.”

“ಎರಡೂ ಕಡೆ ಡಿಸ್ಕು, ಪ್ಯಾಡು ಹೊಸದೇ ಹಾಕ್ಬೇಕು. ಯಾವ ಕಂಪನಿದು ಹಾಕ್ಲಿ?”

“ಅವರು ಯಾವುದು ಹಾಕಿಸ್ತಿದ್ರೋ ಅದೇ.”

ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ಕು ಒಂದು ಸುತ್ತು ಓಡಿಸಿ ನೋಡಿಕೊಂಡು ಬಂದ.

“ನಡುಕ ಹೋಯ್ತು. ಆದ್ರೆ ಸೀಟು ಇಷ್ಟು ಹಿಂದಿದೆಯಲ್ಲ, ನಿಮಗೆ ಬ್ರೇಕ್ ಎಟುಕುತ್ತಾ?”

“ತುದೀಲಿ ಕೂತ್ರೆ ಎಟುಕುತ್ತೆ.”

“ಮುಂದಕ್ಕೆ ಎಳೆದುಕೊಡ್ತೀನಿ, ಒಂದು ನಿಮಿಷದ ಕೆಲಸ.”

“ಬೇಡಪ್ಪ. ಅವರು ತಮ್ಮ ಕಾಲಿನ ಉದ್ದಕ್ಕೆ ಸರಿಮಾಡಿಟ್ಟಿದ್ದು, ಹಾಗೇ ಇರ್ಲಿ.”

“ಭಾವ ಬಂದ್ಮೇಲೆ ಮತ್ತೆ ಹಿಂದಕ್ಕೆ ತಳ್ಕೋತಾರೆ ಬಿಡಿ.”

“ಬಂದ ದಿನ ಹತ್ತಿದ ತಕ್ಷಣ ಸರಿಯಾಗಿ ಕೂರ್ಬೇಕು ಅವರು.”

ಕಾರು ಗೇಟು ದಾಟುವಾಗ ಮೇಷ್ಟ್ರು ತಲೆಯೆತ್ತಿ ನೋಡಿದರು. ಸೀಟಿನ ತುದಿಯಲ್ಲಿ ಕೂತ ಆಕೆಯ ಬೆನ್ನ ಹಿಂದೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.