ಅತ್ತೆಯ ಬಾಯಲ್ಲಿಟ್ಟ ಚಿನ್ನ

ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ವಾರಗಿತ್ತಿಯರಿಬ್ಬರು ಕೂತಿದ್ದರು. ದೊಡ್ಡವರು ಸಣ್ಣ ದನಿಯಲ್ಲಿ ಮಾತು ತೆಗೆದರು.

"ನನ್ನ ಮಗಳಿಗೆ ಬಂದಿರೋ ಸಂಬಂಧ ಮುರೀತೈತೆ ಸುಕನ್ಯ. ಅತ್ತೆ ಸತ್ತಾಗ ಎಣದ ಬಾಯಲ್ಲಿಟ್ಟಿದ್ದ ಚಿನ್ನದ ಚೂರನ್ನ ನಾನೇ ಕದ್ದೆ ಅಂತ ಯಾರೋ ಗಂಡಿನ ಮನೇಗೆ ಊದವ್ರೆ."

"ಊರೆಲ್ಲ ಆರು ವರ್ಷದಿಂದ ಅದನ್ನೇ ಅಂತೈತಲ್ಲಕ್ಕ."

"ತೆಗೆದೋಳು ನೀನು. ಇವತ್ತು ಅವರ ಮನೇಲಿ ಕೂತ್ಕಂಡು ನಿಜ ಯೋಳು."

"ಯೋಳಿದ್ರೆ ನಾಳೆಯಿಂದ ನಾನು ರಾಕ್ಷಸಿ."

"ಇಷ್ಟು ದಿನ ನಾನಾಗಿದ್ದೆ. ನಾನೇನು ಸತ್ತೋದ್ನಾ?"

ನಮ್ಮಜ್ಜಿಯ ಕತೆಗಳ ರಾಕ್ಷಸಿಯರು ಯಾರೂ ಹೀಗೆ ಕನಕಾಂಬರ ಮುಡಿದು ಬಸ್ಸಿಗೆ ಕಾಯುತ್ತಿರಲಿಲ್ಲ. ಸುಕನ್ಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಕಷ್ಟ ಇತ್ತು, ತಗಂಡೆ ಅಂತ ಯೋಳ್ಲಾ?"

"ಕಷ್ಟ ಇತ್ತಾ?"

"ಇಲ್ಲ. ಮಿನುಗ್ತಿತ್ತು, ಆಸೆ ಆಯ್ತು."

"ಅಂಗೇ ಯೋಳು."

ಸುಕನ್ಯ ಸೆರಗು ಬಿಟ್ಟು ಅವರ ಕಡೆ ತಿರುಗಿದಳು.

"ನಾನು ತೆಗೆಯೋದನ್ನ ನೀನು ಕಂಡೆ ಅಂತ ನಂಗೆ ಅವತ್ತೇ ಗೊತ್ತಕ್ಕ. ಊರು ನಿನ್ನ ಅಷ್ಟು ಬೈದ್ರೂ ಯಾಕೆ ಬಾಯಿ ಬಿಡ್ಲಿಲ್ಲ?"

ದೊಡ್ಡವರು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು.

"ಎಲ್ಲರೂ ಮಲಗಿದ್ದಾಗ ನಾನೂ ಅದಕ್ಕೇ ಎಣದ ಅತ್ರ ಬಂದಿದ್ದೆ. ನಿನ್ನ ಕೈ ಮುಂದಾಯ್ತು, ಅಷ್ಟೇ."

ಆಂಡರ್ಸನ್‌ಪೇಟೆ ಬಸ್ಸು ಬಂದು ನಿಂತಿತು. ಸುಕನ್ಯ ಏಳಲಿಲ್ಲ.

"ಇದನ್ನೂ ಅಲ್ಲಿ ಯೋಳ್ಬೇಕಾ?"

"ಮದ್ಲು ನಿಂದು ಯೋಳು," ಎಂದು ದೊಡ್ಡವರು ಅವಳ ಮಣಿಕಟ್ಟು ಹಿಡಿದು ಎಬ್ಬಿಸಿದರು. ಜನ ನೂಕಾಡುತ್ತಿದ್ದರೂ, ಇಬ್ಬರೂ ಮೆಟ್ಟಿಲು ಹತ್ತಿ ಒಳಗೆ ಮರೆಯಾಗುವವರೆಗೂ ಅವರು ಆ ಕೈಯನ್ನು ಬಿಡಲಿಲ್ಲ.