ಚೆಲುವಾದ ಜಲಾಶಯ

ನಮ್ಮ ಪಿಕಪ್ ಗಾಡಿ ತಾಲೂಕು ಕಚೇರಿಯ ಮುಂದೆ ನಿಂತಾಗ, ಎದುರಿಗೆ ಕೂತಿದ್ದ ಬುವಾಲೈ ಹೊಸ ಫಲಕದಲ್ಲಿದ್ದ ತಾಲೂಕಿನ ಘೋಷವಾಕ್ಯವನ್ನು ಜೋರಾಗಿ ಓದಿದಳು.

“‘ಸಿಹಿ ಹುಣಸೆಯ ಬೀಡು, ಚೆಲುವಾದ ಜಲಾಶಯದ ನಾಡು.’ ಚೆನ್ನಾಗಿದೆ ಅಲ್ವಾ ಅಕ್ಕಾ?”

“ಚೆಲುವಂತೆ ಚೆಲುವು! ಅದರಡಿ ನಮ್ಮ ಹಳೇ ಊರೇ ಮುಳುಗಿದೆ, ಅದನ್ಯಾಕೆ ಬರೀಲಿಲ್ಲ?” ಎಂದು ಸಿಡುಕಿದಳು ಪಕ್ಕದಲ್ಲಿದ್ದ ಮುದುಕಿ ಖಾಂಪುನ್.

“ವಿಹಾರಾನ ಹೊಸ ಊರಿಗೆ ತಂದ್ರಲ್ಲಕ್ಕಾ.”

“ಬುದ್ಧನ್ನ ಲಾರೀಲಿ ತಂದ್ರು. ವಿಹಾರದ ಗೋಡೆ ಗೂಡಲ್ಲಿಟ್ಟಿದ್ದ ನಮ್ಮಮ್ಮನ ಮೂಳೆ ಅಲ್ಲೇ ಬಿಟ್ರು!”

“ಹೋಗ್ಲಿ ಬಿಡು. ನಾಳೆ ಸಾಂಗ್‌ಕ್ರಾನ್ ಹಬ್ಬ. ಎಲ್ಲರೂ ಹಿರಿಯರ ಮೂಳೆಗೆ ಪನ್ನೀರು ಹಾಕ್ತಾರೆ. ನೀನೂ ದಡದಲ್ಲಿ ನಿಂತು ಅಮ್ಮಂಗೆ ಹಾಕು.”

ಖಾಂಪುನ್ ಬುಟ್ಟಿ ಎತ್ತಿಕೊಂಡು ಗಾಡಿಯಿಂದ ಇಳಿದಳು.

“ಅವಳಿಗೆ ಇನ್ನೂ ನೀರು ಹಾಕ್ಬೇಕೇನೇ?”