ಎದುರಿನ ಕೈ

ಸಭೆಗೆ ನಮಸ್ಕಾರ. ಕಳೆದ ವಾರ ನಮ್ಮನ್ನಗಲಿದ ಪ್ರಫುಲ್ಲಾ ಬಂಗೇರ ಮೇಡಂ ಅವರ ಯಜಮಾನರಾದ ಮನೀಶ್ ಅವರೇ, ಮಗಳು ಶ್ರಾವ್ಯಾ, ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಮಾಟುಂಗಕ್ಕೆ ಬಂದು ಈ ಹಾಲ್ ತುಂಬಿಸಿರುವ ಎಲ್ಲರೇ — ನಾನು ಕಾಶಿನಾಥ. ಕಾಲೇಜಿನ ಮಾನವಶಾಸ್ತ್ರ ವಿಭಾಗದಲ್ಲಿ ಮೇಡಂ ಪಕ್ಕದ ಟೇಬಲ್ಲಿನವನು. ನನ್ನ ದನಿ ಜೋರಾದರೆ ಕ್ಷಮಿಸಿ. ಅವರ ಬಗ್ಗೆ ಮೆಲ್ಲಗೆ ಮಾತಾಡಲು ನನಗೆ ಬರುವುದಿಲ್ಲ!

ಜನ ಯಾಕೆ ಹಾಡುತ್ತಾರೆ, ಗೋಡೆಗೆ ಯಾಕೆ ಚಿತ್ರ ಬರೆಯುತ್ತಾರೆ — ಇದೇ ಅವರ ಹುಚ್ಚು. ಕ್ಲಾಸಿನಲ್ಲಿ ತುಳುನಾಡಿನ ನಾಟಿ ಹಾಡು ಕೇಳಿಸುವರು, ಅದರ ಬೆನ್ನಿಗೇ ಸ್ಕಾಟ್ಲೆಂಡಿನ ದ್ವೀಪದ ಹೆಂಗಸರು ಉಣ್ಣೆಬಟ್ಟೆ ಬಡಿಯುತ್ತ ಹೇಳುವ ಹಾಡು. "ಕೇಳಿ ಮಾರಾಯ್ರೆ, ಒಬ್ಬಳು ಎತ್ತುತ್ತಾಳೆ, ಉಳಿದವರು ಹಿಡಿಯುತ್ತಾರೆ! ಇವರು ಅವರನ್ನು ನೋಡಿದ್ದುಂಟಾ?" — ಹೀಗೆ, ಹೀಗೆ ಮೇಜು ಕುಟ್ಟಿ ಕೇಳುವರು.

ಅಂಧೇರಿಯ ಸ್ಟುಡಿಯೋ ಕಥೆ ಹೇಳಲೇಬೇಕು. ಅಗೋ, ಮುಂದಿನ ಸಾಲಿನಲ್ಲಿ ಕುಳಿತಿದ್ದಾರಲ್ಲ, ಸುಂದ್ರವ್ವ — ಆಗ ವಿಜಯಪುರದ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದಿದ್ದರು. ಬೀಸುವ ಪದ ಚೆನ್ನಾಗಿ ಹೇಳುತ್ತಾರೆಂದು ಅವರನ್ನು ಮೇಡಂ ಏಸಿ ರೂಮಿನಲ್ಲಿ ಮೈಕ್ ಮುಂದೆ ಕೂರಿಸಿದರು. ಸುಂದ್ರವ್ವ ಗಪ್‌ಚಿಪ್! ಚಹಾ ಕೊಟ್ಟರು, ಕೈ ಮುಗಿದರು — ಊಹೂಂ. ಕಡೆಗೆ ಸುಂದ್ರವ್ವನೇ ಅಂದರು, "ಕಲ್ಲಿಲ್ಲ, ಎದುರಿಗೆ ಯಾರೂ ಇಲ್ಲ. ನಾ ಪದಾ ಎತ್ತಿದ್ರ ಹಿಡಿಯೋರ್ಯಾರ್ರೀ ಬಾಯಾರ?"

ಮೇಡಂ ಹಣೆ ಹಣೆ ಬಡಿದುಕೊಂಡರು. "ದಿನಾ ಇದನ್ನೇ ಪಾಠ ಮಾಡುವ ನನಗೇ ಹೊಳೆಯಲಿಲ್ಲವಲ್ಲ!" ರಿಕ್ಷಾ ಹತ್ತಿದರು, ಸಾಂತಾಕ್ರೂಜ್‌ನ ಚಾಳಿನಲ್ಲಿದ್ದ ಪರಿಚಯದ ನೀಲಾಬಾಯಿಯ ಬೀಸುಕಲ್ಲು ತಂದರು. ಕಲ್ಲನ್ನಷ್ಟೇ ಕಳಿಸಲು ಒಪ್ಪದೆ ನೀಲಾಬಾಯಿಯೂ ಬಂದರು! ಎದುರು ಕೂತು ಕಲ್ಲಿನ ಗೂಟಕ್ಕೆ ಕೈ ಹಾಕಿದರು. ಸುಂದ್ರವ್ವ ಕನ್ನಡದಲ್ಲಿ ಎತ್ತಿದರು. ಒಂದು ಸುತ್ತು, ಎರಡು ಸುತ್ತು — ನೀಲಾಬಾಯಿ ಮರಾಠಿಯ ಬೀಸುವ ಪದ, ಓವಿಯಲ್ಲಿ ಹಿಡಿದರು! ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಕಲ್ಲು ಮಾತ್ರ ನಿಲ್ಲಲಿಲ್ಲ.

ಹಾಡು ನಡೆಯುವಾಗ ತುಟಿ ಪಿಟಕ್ಕೆನ್ನಬಾರದು ಎಂದು ನಮ್ಮನ್ನೆಲ್ಲ ಗದರುತ್ತಿದ್ದ ಮೇಡಂ ಎದ್ದು ನಿಂತು, "ಅಯ್ಯೋ ದೇವರೇ, ಸಿಕ್ಕಿತು!" ಎಂದು ಕಿರುಚಿಬಿಟ್ಟರು. ರೆಕಾರ್ಡಿಂಗ್ ಮಾಡುತ್ತಿದ್ದ ಹಿತೇಶ್, "ಮೇಡಂ, ರೀಟೇಕ್?" ಅಂದ. "ಎಂತ ರೀಟೇಕ್ ಮಾರಾಯ! ಇರಲಿ ಅದು." ಆ ಕಿರುಚಾಟ ಈಗಲೂ ಅದರಲ್ಲಿದೆ. ನಗಿ, ನಗಿ — ಅವರೂ ಪ್ರತಿ ಸಲ ನಗುತ್ತಿದ್ದರು.

ಆಮೇಲೆ ತಮ್ಮ ಮನೆಗೇ ಒಂದು ಕಲ್ಲು ತಂದಿಟ್ಟರು. ಭಾನುವಾರ ಸುಂದ್ರವ್ವ ಬರುವರು, ಎದುರಿಗೆ ಮೇಡಂ. ಮೇಡಂ ದನಿ ಶ್ರುತಿಗೆ ಸಿಕ್ಕಿದ್ದೇ ಇಲ್ಲ, ಅದು ಬೇರೆ ಮಾತು! ಸುಂದ್ರವ್ವನ ಮನೆಯಲ್ಲೊಂದು ರೂಢಿ: ಎದುರಿನವಳು ಏಳಬೇಕಾದರೆ, ಇನ್ನೊಬ್ಬಳು ಬಂದು ಗೂಟ ಹಿಡಿಯುವವರೆಗೆ ಕೈ ಬಿಡುವಂತಿಲ್ಲ. ಮೇಡಂ — ಯಾರ ಕೈಗೂ ಕೊಡದೆ ಎದ್ದು ಹೋದರು. ಅಂದಿನಿಂದ ಸುಂದ್ರವ್ವ ಪದ ಹೇಳಿಲ್ಲ. ಮೇಡಂ ಹೋದ ದುಃಖ ಹೇಗೋ ನುಂಗಿಕೊಂಡೇನು, ಆ ಕಲ್ಲು ಸುಮ್ಮನೆ ಕೂತಿರುವುದನ್ನು ನೋಡಲು ನನ್ನಿಂದಾಗುವುದಿಲ್ಲ.

ಅದಕ್ಕೇ ಅದನ್ನು ಇಲ್ಲಿಗೆ ಹೊತ್ತು ತಂದಿದ್ದೇವೆ, ಫೋಟೋದ ಮುಂದೆ ಇದೆ. ಸುಂದ್ರವ್ವ, ಬರ್ರಿ, ಕೂಡ್ರಿ. ಶ್ರಾವ್ಯಾ, ಬೆಳಿಗ್ಗೆ ನೀನು ಹೇಳಿದೆ, "ಅಂಕಲ್, ಮುಝೇ ನಹೀ ಆತಾ, ನನ್ನ ಕನ್ನಡ ಸರಿ ಇಲ್ಲ" ಅಂತ. ನೀಲಾಬಾಯಿಗೆ ಕನ್ನಡ ಒಂದಕ್ಷರವೂ ಬರುತ್ತಿರಲಿಲ್ಲ ಮಗಳೇ! ಬಾ. ಹಾಂ — ಅಲ್ಲೇ, ಅಮ್ಮನ ಜಾಗದಲ್ಲಿ.

ಈಗ ನಾವೆಲ್ಲ ಎದ್ದು ನಿಲ್ಲೋಣ. ಮೌನ ನಮಗೆ ಮಾತ್ರ, ಕಲ್ಲಿಗಲ್ಲ. ಸುಂದ್ರವ್ವ ಹಾಡಿದರೆ ಹಾಡು ಕೇಳೋಣ, ಹಾಡದಿದ್ದರೆ ಕಲ್ಲಿನ ಸದ್ದು ಕೇಳೋಣ.

ಶ್ರಾವ್ಯಾ — ಗೂಟ ಹಿಡಿ.